‘ಚಿತ್ರ ಕೃಪೆ: ಅಂತರ್ಜಾಲ’ ಎಂದು ಹಾಕುವುದನ್ನು ದಯವಿಟ್ಟು ನಿಲ್ಲಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಏರೋಪ್ಲೇನ್ ಚಿಟ್ಟೆಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಕೀಟಗಳಿಗೆ ಅರ್ಧ ಪುಟ ಬಿಟ್ಟುಕೊಡುವ ಪತ್ರಿಕೆಗಳು ಈಗ ಕಡಿಮೆ. ಆದರೆ ಲೇಖನದ ಜೊತೆಗಿದ್ದ ದೊಡ್ಡ ಫೋಟೊದ ಕೆಳಗೆ ‘ಚಿತ್ರ ಕೃಪೆ: ಅಂತರ್ಜಾಲ’ ಎಂದಿತ್ತು. ಅದನ್ನು ನೋಡಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಹಳ ಕಾಲದಿಂದ ಕೀಟ, ಜೇಡಗಳ ಫೋಟೊ ತೆಗೆಯುತ್ತಿರುವವಳು. ಇದು ನನ್ನ ಹೊಟ್ಟೆಪಾಡಲ್ಲ, ಹುಚ್ಚು ಎನ್ನಿ. ಹಾಗಾಗಿ ಆ ಫೋಟೊ ನೋಡಿದ ಕೂಡಲೇ ಅದರ ಹಿಂದಿನ ಕೆಲಸ ಕಣ್ಣಿಗೆ ಬಿತ್ತು. ರೆಕ್ಕೆಯ ತುಂಬ ಇಬ್ಬನಿ ಹನಿಗಳಿದ್ದವು. ಅಂದರೆ ಬಿಸಿಲು ಬೀಳುವ ಮೊದಲೇ ತೆಗೆದದ್ದು. ಮೈ ತಣ್ಣಗಿರುವಾಗ ಈ ಚಿಟ್ಟೆಗಳಿಗೆ ಹಾರಲು ಆಗುವುದಿಲ್ಲ, ಬೆಚ್ಚಗಾದ ಮೇಲೆಯೇ ಎದ್ದು ಹೋಗುತ್ತವೆ. ಹತ್ತಿರ ಹೋಗಲು ಸಿಗುವುದು ಆ ಸ್ವಲ್ಪ ಹೊತ್ತು ಮಾತ್ರ. ಕಣ್ಣು, ಎದೆ, ರೆಕ್ಕೆಯ ತುದಿ ಎಲ್ಲವೂ ಆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಅಷ್ಟು ಹತ್ತಿರದಿಂದ ತೆಗೆದಾಗ ಒಂದು ಫ್ರೇಮಿನಲ್ಲಿ ಫೋಕಸ್ ನಿಲ್ಲುವುದು ಒಂದೆರಡು ಮಿಲಿಮೀಟರ್ ಆಳಕ್ಕೆ ಅಷ್ಟೇ. ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹತ್ತಾರು ಫ್ರೇಮ್ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿ ಕೂಡಿಸಬೇಕು. ಇದಕ್ಕೆ ನಾವು ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತೇವೆ. ನಡುವೆ ಸಣ್ಣ ಗಾಳಿ ಬೀಸಿದರೂ ಮತ್ತೆ ಮೊದಲಿನಿಂದ ಶುರು. ಯಾರೋ ಒಬ್ಬರು ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ, ಉಸಿರು ಬಿಗಿಹಿಡಿದು ತೆಗೆದ ಫೋಟೊ ಅದು.

ಯಾರಿರಬಹುದು ಎಂದು ಹುಡುಕಿದೆ. ಪುರವಣಿಯ ಪುಟವನ್ನು ಫೋನಿನಲ್ಲಿ ತೆಗೆದು, ಚಿತ್ರ ಇರುವಷ್ಟು ಭಾಗವನ್ನು ಮಾತ್ರ ಕತ್ತರಿಸಿ, ಚಿತ್ರ ಕೊಟ್ಟರೆ ಅದು ನೆಟ್‌ನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದೆ. ವಾಲ್‌ಪೇಪರ್ ಸೈಟುಗಳು ಸಾಲಾಗಿ ಬಂದವು. ಒಂದರಲ್ಲೂ ಹೆಸರಿಲ್ಲ. ಆಮೇಲೆ ಇದೇ ಕೆಲಸ ಮಾಡುವ ಟಿನ್‌ಐನಲ್ಲಿ ನೋಡಿದೆ. 2008ರಿಂದಲೂ ಇರುವ ಈ ಸೈಟಿನಲ್ಲಿ ಸಿಕ್ಕ ಚಿತ್ರಗಳನ್ನು ‘ಹಳೆಯದು ಮೊದಲು’ ಅಥವಾ ‘ದೊಡ್ಡದು ಮೊದಲು’ ಎಂದು ಜೋಡಿಸಿ ನೋಡಬಹುದು. ಕದ್ದ ಪ್ರತಿಗಳು ಸಾಮಾನ್ಯವಾಗಿ ಚಿಕ್ಕವಾಗಿರುತ್ತವೆ, ಆಮೇಲೆ ಬಂದವಾಗಿರುತ್ತವೆ. ಎಲ್ಲಕ್ಕಿಂತ ಹಳೆಯದೂ ಎಲ್ಲಕ್ಕಿಂತ ದೊಡ್ಡದೂ ಒಂದೇ ಪುಟದಲ್ಲಿ ಸಿಕ್ಕಿತು. ಅದು ಫೋಟೊ ಹಂಚಿಕೊಳ್ಳುವ ಫ್ಲಿಕರ್ ಎಂಬ ಜಾಲತಾಣದಲ್ಲಿ ಒಬ್ಬರು ಹಾಕಿದ್ದ ಫೋಟೊ. ತೆಗೆದವರ ಹೆಸರು, ತೆಗೆದ ದಿನ, ಕ್ಯಾಮೆರಾ, ಲೆನ್ಸ್ ಎಲ್ಲವೂ ಅಲ್ಲಿತ್ತು. ಕೆಳಗೆ ಲೈಸೆನ್ಸ್ ಕೂಡ ಇತ್ತು: ಕ್ರಿಯೇಟಿವ್ ಕಾಮನ್ಸ್, ಆಟ್ರಿಬ್ಯೂಷನ್.

ಆ ಲೈಸೆನ್ಸ್ ಓದಿದ ಮೇಲೆ ನನಗೆ ನಿಜವಾಗಿ ಬೇಜಾರಾಯಿತು. ಏಕೆಂದರೆ ಅವರು ದುಡ್ಡು ಕೇಳಿರಲಿಲ್ಲ. ಯಾರು ಬೇಕಾದರೂ, ವ್ಯಾಪಾರಕ್ಕೆ ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದರು. ಹೆಸರು ಹಾಕಿ, ಯಾವ ಲೈಸೆನ್ಸ್ ಎಂದು ತಿಳಿಸಿ, ಚಿತ್ರದಲ್ಲಿ ಏನಾದರೂ ಬದಲಾಯಿಸಿದ್ದರೆ ಹೇಳಿ. ಷರತ್ತು ಇಷ್ಟೇ. ನಿಮ್ಮ ಪುಟದಲ್ಲಿ ಅದಕ್ಕೆ ಒಂದು ಸಾಲಿನ ಜಾಗ ಸಾಕಿತ್ತು. ‘ಅಂತರ್ಜಾಲ’ ಎಂದು ಅಚ್ಚಾದ ಜಾಗದಲ್ಲೇ ಅವರ ಹೆಸರು ಕೂರುತ್ತಿತ್ತು. ಆ ಪುಟದ ಲಿಂಕನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ ಅವರ ಹೆಸರು ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನೆಟ್‌ನಲ್ಲಿ ಹಾಕಿದ್ದಾರೆ ಅಂದಮೇಲೆ ಎಲ್ಲರದೂ ತಾನೇ ಎಂದು ಕೇಳುವವರು ಜಾಸ್ತಿ. ಹಾಗಲ್ಲ. ಶಟರ್ ಒತ್ತಿದ ಕ್ಷಣದಲ್ಲೇ ಆ ಫೋಟೊದ ಕಾಪಿರೈಟ್ ಹುಟ್ಟುತ್ತದೆ. 1886ರ ಬರ್ನ್ ಒಪ್ಪಂದಕ್ಕೆ ಇವತ್ತು 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಹಕ್ಕು ಸಿಗಲು ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ ಎನ್ನುವುದೇ ಅದರ ಮುಖ್ಯ ಅಂಶ. ವೃತ್ತದೊಳಗಿನ ‘ಸಿ’ ಗುರುತು ಇಲ್ಲದಿದ್ದರೂ ಹಕ್ಕು ಇದ್ದೇ ಇರುತ್ತದೆ. ಇನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಹಾಕಿದರೆ? ಆ ಕಂಪನಿಗೆ ತನ್ನ ಜಾಗದಲ್ಲಿ ತೋರಿಸಲು, ಹಂಚಲು ನಾವು ಅನುಮತಿ ಕೊಟ್ಟ ಹಾಗೆ. ಅವರ ನಿಯಮದ ಪುಟದಲ್ಲೇ ‘ಫೋಟೊ ನಿಮ್ಮದೇ’ ಎಂದು ಬರೆದಿರುತ್ತಾರೆ. ಅಲ್ಲಿ ನೋಡಿದ ಮೂರನೆಯವರಿಗೆ ಅದರಿಂದ ಯಾವ ಹಕ್ಕೂ ಬರುವುದಿಲ್ಲ.

ಇದು ಕೋರ್ಟಿನಲ್ಲೂ ತೀರ್ಮಾನವಾದ ವಿಷಯ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಡೇನಿಯಲ್ ಮೊರೆಲ್ ಎಂಬ ಫೋಟೊಗ್ರಾಫರ್ ಅಲ್ಲೇ ಇದ್ದರು. ತಾವು ತೆಗೆದ ಚಿತ್ರಗಳನ್ನು ಟ್ವಿಟ್ಟರ್ ಮೂಲಕ ಹಂಚಿಕೊಂಡರು. ಬೇರೊಬ್ಬ ಅವನ್ನು ತನ್ನದೇ ಎನ್ನುವ ಹಾಗೆ ಹಾಕಿಕೊಂಡ. ಎಎಫ್‌ಪಿ ಸುದ್ದಿಸಂಸ್ಥೆ ಅವನ್ನು ಎತ್ತಿಕೊಂಡು ಪ್ರಪಂಚಕ್ಕೆಲ್ಲ ಹಂಚಿತು. ಫೋಟೊ ಮಾರುವ ಗೆಟ್ಟಿ ಇಮೇಜಸ್ ಕಂಪನಿಯ ಮೂಲಕವೂ ಹೋಯಿತು. ಟ್ವಿಟ್ಟರ್‌ನಲ್ಲಿ ಹಾಕಿದ್ದನ್ನು ಬಳಸಲು ಅಲ್ಲಿನ ನಿಯಮವೇ ಅವಕಾಶ ಕೊಡುತ್ತದೆ ಎಂದು ಎಎಫ್‌ಪಿ ವಾದ ಮಾಡಿತು. ನ್ಯಾಯಾಲಯ ಒಪ್ಪಲಿಲ್ಲ. 2013ರಲ್ಲಿ ನ್ಯೂಯಾರ್ಕಿನ ಜ್ಯೂರಿ ಮೊರೆಲ್ ಅವರಿಗೆ 12 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಅಷ್ಟು ದೊಡ್ಡ ಸುದ್ದಿಸಂಸ್ಥೆಗೂ ಆ ನೆಪ ನಡೆಯಲಿಲ್ಲ. ಆದರೆ ನಾಲ್ಕು ವರ್ಷ ಹೋರಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅಲ್ವಾ? ಹಾಗಾಗಿಯೇ ಮುದ್ರಿಸುವವರ ಕಡೆಯಿಂದ ಎಚ್ಚರ ಬೇಕು ಎನ್ನುತ್ತಿದ್ದೇನೆ.

ನನಗೇ ಆದದ್ದನ್ನು ಹೇಳುತ್ತೇನೆ. ಗೋಡೆಯ ಮೇಲೆ ಓಡಾಡುವ ಪುಟ್ಟ ಜಿಗಿಯುವ ಜೇಡಗಳನ್ನು ನೀವೂ ನೋಡಿರುತ್ತೀರಿ. ಬಲೆ ಕಟ್ಟಿ ಕಾಯುವುದಿಲ್ಲ, ನೇರವಾಗಿ ನೆಗೆದು ಬೇಟೆ ಹಿಡಿಯುತ್ತವೆ. ಸೊಳ್ಳೆ, ನೊಣ ಅವುಗಳ ಆಹಾರ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಬಹಳ ದೊಡ್ಡವು. ಹತ್ತಿರದಿಂದ ತೆಗೆದರೆ ನಮ್ಮನ್ನೇ ನೋಡುತ್ತಿರುವ ಹಾಗೆ ಕಾಣುತ್ತದೆ. ಅಂಥ ಒಂದು ಜೇಡದ ಫೋಟೊ ಹಾಕಿ, ‘ಇದು ಯಾರಿಗೂ ತೊಂದರೆ ಕೊಡುವುದಿಲ್ಲ, ದಯವಿಟ್ಟು ಹೊಡೆಯಬೇಡಿ’ ಎಂದು ಬರೆದಿದ್ದೆ. ಕೆಲವು ತಿಂಗಳಾದ ಮೇಲೆ ನನ್ನ ತಂಗಿ ಒಂದು ಜಾಹೀರಾತು ಕಳಿಸಿದಳು. ‘ಅಕ್ಕಾ, ಇದು ನಿನ್ನ ಜೇಡ ಅಲ್ವಾ?’ ಎಂದು ಕೇಳಿದ್ದಳು. ಮನೆಯೊಳಗೆ ಹೊಡೆಯುವ ಕೀಟನಾಶಕದ ಜಾಹೀರಾತು ಅದು. ಜೇಡದ ಮುಖದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಕಾಟು ಹಾಕಿದ್ದರು.

ನನ್ನದೇ ಎಂದು ಹೇಗೆ ಗೊತ್ತಾಯಿತು ಅಂದರೆ, ಆ ಜೇಡದ ಎಡಗಡೆಯ ಮೂರನೆಯ ಕಾಲು ಉಳಿದವಕ್ಕಿಂತ ಗಿಡ್ಡ, ತೆಳು. ಹಿಂದೆ ಎಂದೋ ಕಾಲು ಕಳೆದುಕೊಂಡು, ಪೊರೆ ಬಿಟ್ಟಾಗ ಹೊಸದು ಬೆಳೆದದ್ದು. ಜಾಹೀರಾತಿನಲ್ಲಿ ಆ ಗಿಡ್ಡ ಕಾಲು ಬಲಗಡೆ ಇತ್ತು. ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ದರು. ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿ ತೆಗೆದಿದ್ದರು. ಹೆಸರು ಕತ್ತರಿಸಿದವರಿಗೆ ಅದು ಯಾರದೋ ಎಂದು ಗೊತ್ತಿತ್ತು ಎಂದೇ ಅರ್ಥ. ಕೊಲ್ಲಬೇಡಿ ಎಂದು ಹೇಳಲು ತೆಗೆದ ಚಿತ್ರವನ್ನು ಕೊಲ್ಲಲು ಹೇಳುವ ಜಾಹೀರಾತಿಗೆ ಬಳಸಿದರು. ದುಡ್ಡಿನ ನಷ್ಟಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿತು. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಕಂಪನಿಗೆ ಬರೆದೆ. ‘ಗೂಗಲ್‌ನಲ್ಲಿ ಸಿಕ್ಕಿತು ಮೇಡಂ’ ಎಂದು ಉತ್ತರ ಬಂತು. ಗೂಗಲ್ ಹುಡುಕಿ ತೋರಿಸುತ್ತದೆಯೇ ಹೊರತು ಅದಕ್ಕೆ ಕೊಡುವ ಅಧಿಕಾರ ಇಲ್ಲ. ಚಿತ್ರದ ಕೆಳಗೆ ‘ಕಾಪಿರೈಟ್ ಇರಬಹುದು’ ಎಂದು ಅದೇ ಎಚ್ಚರಿಸುತ್ತದೆ. ಆಮೇಲೆ ಜಾಹೀರಾತು ಹಾಕಿದ್ದ ಜಾಲತಾಣಕ್ಕೆ ನೋಟಿಸ್ ಕಳಿಸಿದೆ. ಅಮೆರಿಕದಲ್ಲಿ 1998ರಲ್ಲಿ ಬಂದ ಡಿಎಂಸಿಎ ಕಾನೂನಿನ ಪ್ರಕಾರ, ಇಂಥ ನೋಟಿಸ್ ಬಂದಾಗ ಜಾಲತಾಣಗಳು ತಡಮಾಡದೆ ಚಿತ್ರ ತೆಗೆದುಹಾಕಬೇಕು. ಇಲ್ಲದಿದ್ದರೆ ಅವರಿಗೆ ಸಿಗುವ ಕಾನೂನಿನ ರಕ್ಷಣೆ ತಪ್ಪುತ್ತದೆ. ದೊಡ್ಡ ಜಾಲತಾಣಗಳು ಬಹುತೇಕ ಅಮೆರಿಕದವೇ ಆದ್ದರಿಂದ ಯಾವ ದೇಶದಲ್ಲಿದ್ದರೂ ಅವರ ಫಾರಂ ತುಂಬಬಹುದು. ವಕೀಲರು ಬೇಕಿಲ್ಲ. ನಿಮ್ಮ ಮೂಲ ಚಿತ್ರದ ಲಿಂಕ್, ಕದ್ದು ಹಾಕಿದ ಪುಟದ ಲಿಂಕ್, ಇದು ನನ್ನದು, ಅನುಮತಿ ಕೊಟ್ಟಿಲ್ಲ ಎಂಬ ಹೇಳಿಕೆ, ಹೆಸರು, ವಿಳಾಸ, ಸಹಿ. ಟೈಪ್ ಮಾಡಿದ ಹೆಸರೇ ಸಹಿಯಾಗುತ್ತದೆ. ಒಂದು ವಿಷಯ ನೆನಪಿರಲಿ, ಆ ನೋಟಿಸನ್ನು ಎದುರಿನವರಿಗೂ ಕಳಿಸಬಹುದು. ಹಾಗಾಗಿ ಮನೆ ವಿಳಾಸ ಕೊಡಲು ಹೆದರಿಕೆ ಇರುವವರು ಮೊದಲೇ ಯೋಚಿಸಿಕೊಳ್ಳಬೇಕು. ಸುಳ್ಳು ನೋಟಿಸ್ ಕಳಿಸಿದರೆ ನಾವೇ ಸಿಕ್ಕಿಬೀಳುತ್ತೇವೆ.

ನೋಟಿಸ್ ಕಳಿಸುವ ಮೊದಲು ಸಾಕ್ಷಿ ಇಟ್ಟುಕೊಳ್ಳುವುದು ಬಹಳ ಮುಖ್ಯ. ವಿಷಯ ಗೊತ್ತಾದ ತಕ್ಷಣ ಅವರು ಪುಟವನ್ನೇ ಅಳಿಸಿಬಿಡುತ್ತಾರೆ, ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆ. ಜಾಲತಾಣದ ಪುಟಗಳ ಪ್ರತಿ ಕಾದಿಡುವ ವೇಬ್ಯಾಕ್ ಮೆಷಿನ್‌ನಲ್ಲೂ ಆ ಪುಟ ಉಳಿಸಿದೆ. ನನ್ನ ಹತ್ತಿರ ಕ್ಯಾಮೆರಾದಿಂದ ನೇರವಾಗಿ ಬಂದ ಮೂಲ ಫೈಲ್ (ರಾ ಫೈಲ್) ಇತ್ತು, ಅದರ ಹಿಂದಿನ ಮುಂದಿನ ಫ್ರೇಮುಗಳೂ ಇದ್ದವು. ಜೇಡ ಒಂದರಲ್ಲಿ ತಲೆ ಎತ್ತಿದೆ, ಇನ್ನೊಂದರಲ್ಲಿ ಪಕ್ಕಕ್ಕೆ ತಿರುಗಿದೆ. ನೆಟ್‌ನಿಂದ ಇಳಿಸಿಕೊಂಡವರ ಬಳಿ ಆ ಫ್ರೇಮುಗಳು ಇರಲು ಸಾಧ್ಯವೇ ಇಲ್ಲ. ಫೋಟೊ ತೆಗೆಯುವ ಎಲ್ಲರಿಗೂ ನನ್ನ ವಿನಂತಿ ಇದು: ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡು ಅಕ್ಕಪಕ್ಕದವನ್ನು ಅಳಿಸಬೇಡಿ. ಜಾಲತಾಣದಿಂದ ಜಾಹೀರಾತು ಹೋಯಿತು. ಆದರೆ ಅಷ್ಟರಲ್ಲಿ ಅಚ್ಚಾಗಿದ್ದ ಪೋಸ್ಟರುಗಳನ್ನು ಯಾರು ವಾಪಸ್ ತರುತ್ತಾರೆ?

ಹಾಗಾದರೆ ಮೊದಲೇ ಕಾಪಾಡಿಕೊಳ್ಳಬಹುದಲ್ಲ ಎಂದು ಕೇಳುವಿರಿ. ಸ್ವಲ್ಪ ಮಟ್ಟಿಗೆ ಆಗುತ್ತದೆ. ನಾನು ನೆಟ್‌ಗೆ ಹಾಕುವ ಫೋಟೊದ ಉದ್ದನೆಯ ಬದಿ 1200 ಪಿಕ್ಸೆಲ್ ದಾಟುವುದಿಲ್ಲ. ಫೋನಿನಲ್ಲಿ ನೋಡಲು ಅದು ಧಾರಾಳ ಸಾಕು. ಅಚ್ಚಿಗೆ ಹೋದರೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 4 ಇಂಚು ಮಾತ್ರ ಬರುತ್ತದೆ. ನನ್ನ ಕ್ಯಾಮೆರಾದ 6000 ಪಿಕ್ಸೆಲ್‌ನ ಫೈಲು 20 ಇಂಚಿನವರೆಗೆ ಬರುತ್ತದೆ. ಪೂರ್ತಿ ಫೈಲನ್ನು ಎಲ್ಲೂ ಹಾಕದಿದ್ದರೆ ಪೋಸ್ಟರ್, ಕ್ಯಾಲೆಂಡರ್ ಮಾಡುವವರು ಒಂದೋ ನಮ್ಮನ್ನು ಕೇಳಬೇಕು, ಇಲ್ಲವೇ ಮಸುಕು ಮಸುಕಾಗಿ ಅಚ್ಚು ಹಾಕಬೇಕು. ಆದರೆ ಈಗ ಚಿಕ್ಕ ಚಿತ್ರವನ್ನು ಹಿಗ್ಗಿಸುವ ಸಾಫ್ಟ್‌ವೇರುಗಳೂ ಬಂದಿವೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ವಾಟರ್‌ಮಾರ್ಕ್, ಅಂದರೆ ಚಿತ್ರದ ಮೇಲೆ ಹೆಸರಿನ ಮುದ್ರೆ, ಹಾಕಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಮೂಲೆಯಲ್ಲಿ ಹಾಕಿದರೆ ಕತ್ತರಿಸುತ್ತಾರೆ, ನಡುವೆ ಹಾಕಿದರೆ ಚಿತ್ರ ಹಾಳಾಗುತ್ತದೆ. ಎಲ್ಲ ಫೋಟೊಗಳ ಮೇಲೂ ಒಂದೇ ಮುದ್ರೆ ಒಂದೇ ರೀತಿ ಒತ್ತುವುದರಲ್ಲಿ ಇನ್ನೊಂದು ತೊಂದರೆ ಇದೆ. 2017ರಲ್ಲಿ ಗೂಗಲ್‌ನ ಸಂಶೋಧಕರು ಇದನ್ನು ತೋರಿಸಿದರು. ಒಂದೇ ಮುದ್ರೆ ಇರುವ ಬಹಳಷ್ಟು ಫೋಟೊ ಸಿಕ್ಕರೆ, ಕಂಪ್ಯೂಟರ್ ಆ ಮುದ್ರೆಯನ್ನು ಕಲಿತುಕೊಂಡು ಎಲ್ಲದರಿಂದಲೂ ಅಳಿಸಬಲ್ಲದು. ಒಂದೊಂದು ಫೋಟೊದಲ್ಲಿ ಮುದ್ರೆಯ ಆಕಾರವನ್ನು ಸ್ವಲ್ಪ ಸ್ವಲ್ಪ ಬಾಗಿಸಿದರೆ ಹಾಗೆ ಅಳಿಸುವುದು ಕಷ್ಟ ಎಂದೂ ಅವರೇ ಹೇಳಿದರು. ನಾನು ಈಗ ಹೆಸರನ್ನು ಪ್ರತಿ ಸಲ ಬೇರೆ ಜಾಗದಲ್ಲಿ, ಕಾಲಿನ ಕೂದಲೋ ರೆಕ್ಕೆಯ ನರವೋ ಇರುವ ಕಡೆ, ತಿಳಿಯಾಗಿ ಬರೆಯುತ್ತೇನೆ. ಅಳಿಸಲು ಹೋದರೆ ಕೂದಲೂ ಅಳಿಸಿ ಹೋಗಬೇಕು. ಇವತ್ತಿನ ಎಐ ಉಪಕರಣಗಳ ಮುಂದೆ ಇದೂ ಎಷ್ಟು ದಿನವೋ. ಆದರೂ ಬಿಡುವುದಿಲ್ಲ. ಇನ್ನು ರೈಟ್ ಕ್ಲಿಕ್ ಬಂದ್ ಮಾಡುವುದರಿಂದ ಏನೂ ಪ್ರಯೋಜನವಿಲ್ಲ. ಸ್ಕ್ರೀನ್‌ಶಾಟ್ ಎಲ್ಲರಿಗೂ ಗೊತ್ತು.

ಫೈಲಿನ ಒಳಗೇ ಹೆಸರು ಬರೆಯುವ ವ್ಯವಸ್ಥೆ ಇದೆ. ಅದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಕ್ಯಾಮೆರಾ ತಾನಾಗಿಯೇ ಬರೆಯುವುದು ಎಕ್ಸಿಫ್, ನಾವು ತುಂಬಬಹುದಾದದ್ದು ಐಪಿಟಿಸಿ. ತೆಗೆದವರು, ಹಕ್ಕುದಾರರು, ಕೃಪೆ ಎಂದು ಬೇರೆ ಬೇರೆ ಜಾಗಗಳಿವೆ. 2018ರಿಂದ ಗೂಗಲ್ ಇಮೇಜಸ್ ಆ ಮಾಹಿತಿ ಇದ್ದರೆ ತೋರಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಜಿಪಿಎಸ್ ಆನ್ ಇದ್ದರೆ ಎಕ್ಸಿಫ್‌ನಲ್ಲಿ ತೆಗೆದ ಜಾಗವೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ತೆಗೆದದ್ದಾದರೆ ಮನೆಯೇ ಗೊತ್ತಾಗುತ್ತದೆ. ಹೆಸರು ಉಳಿಸಿ, ಜಾಗ ಅಳಿಸಿ ಹಾಕಬೇಕು. ದುಃಖದ ವಿಷಯ ಏನೆಂದರೆ, ಎಷ್ಟೋ ಜಾಲತಾಣಗಳು ಅಪ್‌ಲೋಡ್ ಆಗುವಾಗಲೇ ಈ ಮಾಹಿತಿಯನ್ನು ಕಿತ್ತುಹಾಕುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ನಿಮ್ಮ ಬರಹಗಾರರು ಲೇಖನದ ಜೊತೆ ಚಿತ್ರ ಕಳಿಸುವಾಗ ಇಷ್ಟು ಮಾಡಿದರೂ ಎಷ್ಟೋ ಫೋಟೊಗಳ ಹೆಸರು ದಾರಿಯಲ್ಲಿ ಕಳೆದುಹೋಗುವುದಿಲ್ಲ.

ಎಐ ವಿಷಯ ದೊಡ್ಡದು, ಇಲ್ಲಿ ಒಂದೆರಡು ಮಾತು ಮಾತ್ರ. 2022ರಲ್ಲಿ ಬಂದ ಲಯಾನ್-5ಬಿ ಎಂಬ ಒಂದೇ ಪಟ್ಟಿಯಲ್ಲಿ 585 ಕೋಟಿ ಚಿತ್ರಗಳ ಲಿಂಕುಗಳಿದ್ದವು. ಚಿತ್ರ ಬರೆಯುವ ಯಂತ್ರಗಳಿಗೆ ಕಲಿಸಲು ಅಂಥ ಪಟ್ಟಿಗಳನ್ನು ಬಳಸಿದರು. ತೆಗೆದವರನ್ನು ಒಬ್ಬೊಬ್ಬರಾಗಿ ಯಾರೂ ಕೇಳಲಿಲ್ಲ. ಇನ್ನೊಂದು ಕಡೆ, ಈ ಫೋಟೊ ಯಾವ ಕ್ಯಾಮೆರಾದಿಂದ ಬಂತು, ಆಮೇಲೆ ಏನೇನು ಬದಲಾಯಿತು ಎನ್ನುವುದನ್ನು ಫೈಲಿನಲ್ಲೇ ಸಹಿ ಹಾಕಿಡುವ ಕ್ರಮ ಶುರುವಾಗಿದೆ. 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದವು ಸೇರಿ ಸಿ2ಪಿಎ ಎಂಬ ಕೂಟ ಮಾಡಿಕೊಂಡವು. 2023ರಲ್ಲಿ ಲೈಕಾ ಕಂಪನಿ ಆ ಸಹಿಯನ್ನು ಕ್ಯಾಮೆರಾದೊಳಗೇ ಹಾಕುವ ಮಾಡೆಲ್ ತಂದಿತು. ಪತ್ರಿಕೆಗಳು ಇದನ್ನು ಓದಿ ನೋಡುವ ಅಭ್ಯಾಸ ಮಾಡಿಕೊಂಡರೆ ಮಾತ್ರ ಇದರಿಂದ ಉಪಯೋಗ.

ಕೀಟಗಳ ಫೋಟೊ ಕಳುವಾದರೆ ಮನಸ್ಸಿಗೆ ನೋವು. ಮನುಷ್ಯರ ಫೋಟೊ ಕಳುವಾದರೆ ಬದುಕೇ ಕಷ್ಟಕ್ಕೆ ಸಿಲುಕಬಹುದು. ನಕಲಿ ಪ್ರೊಫೈಲ್ ಮಾಡುತ್ತಾರೆ, ಮುಖವನ್ನು ಬೇರೆ ಮೈಗೆ ಅಂಟಿಸುತ್ತಾರೆ. ಖಾಸಗಿ ಫೋಟೊ ಹರಡುವ ಬೆದರಿಕೆ ಇರುವವರಿಗೆ 2021ರಲ್ಲಿ ಶುರುವಾದ ಸ್ಟಾಪ್‌ಎನ್‌ಸಿಐಐ ಎಂಬ ಸೇವೆ ಇದೆ. ಫೋಟೊ ನಿಮ್ಮ ಫೋನ್ ಬಿಟ್ಟು ಆಚೆ ಹೋಗುವುದಿಲ್ಲ. ಅದರಿಂದ ತೆಗೆದ ಒಂದು ಸಂಖ್ಯೆಯ ಗುರುತು ಮಾತ್ರ ಹೋಗುತ್ತದೆ. ಸೇವೆಗೆ ಸೇರಿರುವ ಜಾಲತಾಣಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ತಡೆಯುತ್ತವೆ. 18 ವರ್ಷ ದಾಟಿದವರಿಗೆ ಇರುವ ಸೇವೆ ಇದು. ಇದರ ಬಗ್ಗೆ ನಿಮ್ಮ ಪತ್ರಿಕೆ ಒಂದು ಪ್ರತ್ಯೇಕ ಲೇಖನ ಮಾಡಿದರೆ ಎಷ್ಟೋ ಹೆಣ್ಣುಮಕ್ಕಳಿಗೆ ಉಪಕಾರವಾಗುತ್ತದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ ಒಳಗೊಳಗೇ ಕುಗ್ಗಿಹೋಗುವವರು ಬಹಳ ಜನ.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಫೋಟೊ ತೆಗೆಯುವವರು ತಮ್ಮ ಕಡೆಯಿಂದ ಮಾಡಬಹುದಾದದ್ದಕ್ಕೆ ಮಿತಿ ಇದೆ. ಯಾವ ಉಪಾಯಕ್ಕೂ ಒಂದು ಮರುಉಪಾಯ ಇದ್ದೇ ಇದೆ. ಬಳಸುವವರು ಕೇಳಿ ಬಳಸಿದರೆ ಈ ಉಪಾಯಗಳ ಅಗತ್ಯವೇ ಬೀಳುವುದಿಲ್ಲ. ಪತ್ರಿಕೆ ಮಾಡಿದ್ದನ್ನು ನೋಡಿ ಶಾಲೆಯ ಮಕ್ಕಳು ತಮ್ಮ ಪ್ರಾಜೆಕ್ಟಿನಲ್ಲೂ ‘ಕೃಪೆ: ಅಂತರ್ಜಾಲ’ ಎಂದೇ ಬರೆಯುತ್ತಾರೆ. ನೀವು ಸರಿಯಾಗಿ ಹಾಕಿದರೆ ಅವರೂ ಸರಿಯಾಗಿ ಕಲಿಯುತ್ತಾರೆ.

ಹಾಗಾಗಿ ನನ್ನ ಕೋರಿಕೆ. ಲೇಖನದ ಜೊತೆ ಚಿತ್ರ ಬಂದರೆ ಎಲ್ಲಿಂದ ತಂದದ್ದು, ತೆಗೆದವರು ಯಾರು, ಅನುಮತಿ ಇದೆಯೇ ಎಂದು ಬರಹಗಾರರನ್ನು ಕೇಳಿ. ಉತ್ತರ ಇಲ್ಲದ ಚಿತ್ರವನ್ನು ಬಿಟ್ಟುಬಿಡಿ. ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದರೆ ‘ವಿಕಿಪೀಡಿಯ’ ಎಂದು ಹಾಕಿ ಮುಗಿಸಬೇಡಿ, ಅಲ್ಲಿ ತೆಗೆದವರ ಹೆಸರು ಇರುತ್ತದೆ, ಅದನ್ನು ಹಾಕಿ. ಜನರು ತಾವು ಕಂಡ ಜೀವಿಗಳ ಫೋಟೊ ಹಾಕುವ ಐನ್ಯಾಚುರಲಿಸ್ಟ್‌ನಂಥ ಕಡೆ ಎಷ್ಟೋ ಫೋಟೊಗಳಿಗೆ ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತು ಇರುತ್ತದೆ. ಅಲ್ಲಿಂದ ತೆಗೆಯುವ ಮೊದಲು ಒಂದು ಮಾತು ಕೇಳಲೇಬೇಕು. ಅನುಮತಿ ಕೇಳಲು ದೊಡ್ಡ ಪತ್ರ ಬೇಡ. ‘ನಿಮ್ಮ ಈ ಫೋಟೊವನ್ನು ಇಂಥ ಲೇಖನದ ಜೊತೆ, ಇಂಥ ದಿನ, ನಿಮ್ಮ ಹೆಸರಿನೊಂದಿಗೆ ಹಾಕಬಹುದೇ?’ ಎಂದು ಕೇಳಿದರೆ ಸಾಕು. ನನ್ನಂಥ ಹವ್ಯಾಸಿಗಳು ಖುಷಿಯಿಂದ ಒಪ್ಪುತ್ತೇವೆ. ಇದೇ ಕಸುಬಾಗಿರುವವರು ದುಡ್ಡು ಕೇಳಿದರೆ ಕೊಡಿ, ಅದು ಅವರ ದುಡಿಮೆ. ಚಿತ್ರದ ಬಗ್ಗೆ ದೂರು ಹೇಳಲು ಒಂದು ಇಮೇಲ್ ವಿಳಾಸವನ್ನು ಪುರವಣಿಯಲ್ಲಿ ಪ್ರಕಟಿಸಿ.

ರಾತ್ರಿ ಪುಟ ಮುಗಿಸುವ ಹೊತ್ತಿಗೆ ಯಾರ ಉತ್ತರಕ್ಕೆ ಕಾಯುವುದು ಎಂಬ ನಿಮ್ಮ ಉಪಸಂಪಾದಕರ ಕಷ್ಟ ನನಗೆ ಅರ್ಥವಾಗುತ್ತದೆ. ತೆಗೆದವರೇ ಎಲ್ಲ ಹಕ್ಕು ಬಿಟ್ಟುಕೊಟ್ಟು ‘ಸಿಸಿ ಜೀರೋ’ (ಕ್ರಿಯೇಟಿವ್ ಕಾಮನ್ಸ್ ಜೀರೋ) ಎಂದು ಗುರುತು ಹಾಕಿರುವ ಫೋಟೊಗಳಿಗೆ ಯಾರ ಅನುಮತಿಯೂ ಬೇಕಿಲ್ಲ. ಅದರಲ್ಲೂ ಸಿಗದಿದ್ದರೆ ನಿಮ್ಮ ಕಲಾವಿದರಿಂದ ಒಂದು ರೇಖಾಚಿತ್ರ ಬರೆಸಿ. ಜೇಡ, ಜೀರುಂಡೆ, ಚಿಟ್ಟೆಗಳ ಫೋಟೊ ಬೇಕಾದಾಗ ನನಗೂ ಬರೆಯಬಹುದು. ಯಾವ ಅಳತೆ, ಯಾವ ದಿನಕ್ಕೆ ಎಂದು ತಿಳಿಸಿದರೆ ಪೂರ್ತಿ ಫೈಲನ್ನೇ ಕಳಿಸುತ್ತೇನೆ.

ಇಂತಿ,
ಕೀಟಗಳ ಫೋಟೊ ತೆಗೆಯುವ ನಿಮ್ಮ ಓದುಗಾರ್ತಿ